ಡಿಸ್ಕಿನೊಳಗಿದ್ದ ಆಯಿ

ನಮ್ಮ ಕಡೆ ಖಂಡೆನವಮಿಯ ದಿನ ಯಂತ್ರಗಳಿಗೆ ಹೂ ಏರಿಸಿ ಕಾಯಿ ಒಡೆದ ಮಾತ್ರಕ್ಕೆ ಪೂಜೆ ಮುಗಿಯುವುದಿಲ್ಲ. ಪೂಜೆಗೆ ಕೂತದ್ದನ್ನೆಲ್ಲ ಒಮ್ಮೆ ಚಾಲೂ ಮಾಡಬೇಕು. ನನ್ನ ತವರಾದ ಹಾರವಾಡದ ಮನೆಯಲ್ಲಿ ಅಣ್ಣ ಮೊದಲು ದೋಣಿಯ ಎಂಜಿನ್ ಶುರು ಮಾಡುತ್ತಾನೆ, ಆಮೇಲೆ ಬೈಕು, ಆಮೇಲೆ ಅತ್ತಿಗೆಯ ಮಿಕ್ಸರ್. ಕೊನೆಗೆ ಪಡಸಾಲೆಯ ಮೂಲೆಯ ಹಳೆಯ ಕಂಪ್ಯೂಟರು. ಅದರ ಸರದಿ ಬಂದಾಗ ಎಲ್ಲರೂ ಕೈಕೆಲಸ ಬಿಟ್ಟು ಬಂದು ನೆಲದ ಮೇಲೆ ಕೂರುತ್ತಿದ್ದೆವು, ಯಾಕೆಂದರೆ ಅದರೊಳಗೆ ನಮ್ಮನ್ನು ಹೆತ್ತ ಆಯಿ ಇದ್ದಳು.

ಕಂಪ್ಯೂಟರು ನನ್ನದು. ಮದುವೆಗೆ ಮೊದಲು ಅಂಕೋಲೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದಾಗ ಕೊಂಡದ್ದು. ಮೇಜು ತುಂಬುವ ಮಾನಿಟರು, ಫ್ಲಾಪಿ ಬಿಟ್ಟು ಬೇರೇನನ್ನೂ ನುಂಗದ ಪೆಟ್ಟಿಗೆ. ಪೇಟೆಯಲ್ಲಿ ಮೀನು ಮಾರಿ ಮುಗಿಸಿದ ನಮ್ಮ ಆಯಿ ಖಾಲಿ ಬುಟ್ಟಿಯನ್ನು ಹೊರಗಿಟ್ಟು ಅಂಗಡಿಗೆ ಬಂದು ಫ್ಯಾನಿನ ಕೆಳಗೆ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಕಂಪ್ಯೂಟರಿಗೆ ಸಿಕ್ಕಿಸಿದ ಹೊಸ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದೆ. "ಇದ್ಕೆ ಎಂತ ಹೇಳೂದೇ?" ಎಂದಳು. ನಕ್ಕಳು. ಆಮೇಲೆ ಪೇಟೆಯಲ್ಲಿ ಕೂಗುವ ಹಾಗೆಯೇ "ಬಂಗಡೆ ತಕಳ್ರೋ, ತಾಜಾ ಬಂಗಡೆ" ಎಂದು ಕೂಗಿ, ನಾಚಿಕೊಂಡು ಮತ್ತೆ ನಕ್ಕಳು. ಅಷ್ಟೇ. ಮುಂದಿನ ಮಳೆಗಾಲಕ್ಕೆ ಅವಳಿರಲಿಲ್ಲ. ಅವಳ ದನಿ ಉಳಿದದ್ದು ಅದೊಂದೇ ಕಡೆ.

ಮದುವೆಗೆ ಅಂಗಡಿ ಮುಚ್ಚಿದಾಗ ಕಂಪ್ಯೂಟರು ಹಾರವಾಡದ ಮನೆ ಸೇರಿತು. ನಾನು ಕಾರವಾರದ ಪಕ್ಕದ ಶಿರವಾಡದಲ್ಲಿ ಸಂಸಾರ ಹೂಡಿದ ಮೇಲೂ ಅಣ್ಣ ಆ ಪೆಟ್ಟಿಗೆಯನ್ನು ಕಳಿಸಲಿಲ್ಲ. ಆಯಿಯ ದನಿಯ ಫೈಲು ಫ್ಲಾಪಿಗೆ ಹಿಡಿಸುವಷ್ಟು ಚಿಕ್ಕದೂ ಆಗಿರಲಿಲ್ಲ. ಮೊಬೈಲುಗಳು ಬಂದ ಮೇಲೆ ಒಂದು ನವಮಿಗೆ ಸ್ಪೀಕರಿನ ಮುಂದೆ ನನ್ನ ಮೊಬೈಲು ಹಿಡಿದೆ. ಅಣ್ಣ ನನ್ನ ಕೈ ಸರಿಸಿದ. "ವರ್ಷಕ್ಕೊಂದ್ಸಲ ಬತ್ತಾಳೆ, ಬರ್ಲಿ. ಬಸ್ಸಲ್ಲಿ ಕಿವೀಗೆ ಹಾಕ್ಕಂಡು ಕೇಳೂವಂಥದ್ದಲ್ಲ ಅದು." ನನಗೂ ಅದು ಸರಿಯೆನ್ನಿಸಿತು. ನಮ್ಮ ಮನೆಯಲ್ಲಿ ದೇವರೂ ವರ್ಷಕ್ಕೊಮ್ಮೆಯೇ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದ.

ಈ ಸಲದ ನವಮಿಗೆ ಅಣ್ಣ ಸ್ವಿಚ್ಚು ಒತ್ತಿದ. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಬಂದು ನಿಂತವು. ಶುರುವಾಗಲು ಬೇಕಾದ ಡಿಸ್ಕು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಎಂತ ಅಂತದೆ?" ಎಂದ ಅಣ್ಣ.

"ತನ್ನೊಳಗೆ ಡಿಸ್ಕು ಇದ್ದದ್ದೇ ನೆನಪಿಲ್ಲ ಅಂತದೆ" ಎಂದೆ.

ತಮಾಷೆಗೆ ಅಂದದ್ದಲ್ಲ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ ಇಂಥ ಹಳೆಯ ಯಂತ್ರಕ್ಕೆ ತನ್ನ ಡಿಸ್ಕೇ ಮರೆತುಹೋಗುತ್ತದೆ. ಅಂಕೋಲೆಯ ಗಡಿಯಾರದ ಅಂಗಡಿಯಿಂದ ಬ್ಯಾಟರಿ ತರಿಸಿ ಹಾಕಿದೆ. ಉಪ್ಪುಗಾಳಿ ಒಳಗೂ ಹೊಕ್ಕಿತ್ತು. ಕೇಬಲು ಸಿಕ್ಕಿಸುವ ಜಾಗದಲ್ಲೆಲ್ಲ ಹಸಿರು ಕಿಲುಬು. ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದೆ. ಈಗ ಅದಕ್ಕೆ ಡಿಸ್ಕಿನ ಗುರುತು ಸಿಕ್ಕಿತು, ಆದರೆ ಶುರುವಾಗಲೊಲ್ಲದು. ಡಿಸ್ಕು ಕೈಕೊಟ್ಟಾಗ ಯಂತ್ರವನ್ನು ಎಬ್ಬಿಸುವ, ಅಂಗಡಿಯ ಕಾಲದ ಒಂದು ಸ್ಟಾರ್ಟಪ್ ಫ್ಲಾಪಿ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದನ್ನು ತುರುಕಿದರೆ ಕರಕರ ಎಂದು ಓದಿಕೊಂಡಿತು! ಡಿಸ್ಕಿನಲ್ಲಿರುವ ಹೆಸರುಗಳನ್ನು ತೋರಿಸೆಂದು ಟೈಪ್ ಮಾಡಿದೆ. ಸಾಲುಗಳ ನಡುವೆ ಆಯಿ ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳು ಕಂಡವು.

"ಅದೆಯಲ್ಲೇ ತಂಗಿ!" ಅಣ್ಣ ನನ್ನ ಭುಜ ಹಿಡಿದುಕೊಂಡ.

ಹೆಸರೇನೋ ಇತ್ತು. ಆ ಕಪ್ಪು ತೆರೆಯಿಂದ ದನಿಯನ್ನು ಹೊರಡಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಾರವಾರದ ರಿಪೇರಿ ಅಂಗಡಿಯವರನ್ನು ಕೇಳೋಣವೆಂದು ಮೊಬೈಲಿಗೆ ರೇಂಜ್ ಹುಡುಕುತ್ತ ಅಂಗಳದಾಚೆಯ ತೆಂಗಿನ ಬುಡಕ್ಕೆ ಹೋದೆ. ಅವರ ಅಂಗಡಿಯಲ್ಲೂ ಪೂಜೆ, ಹಿಂದಿನಿಂದ ಗಂಟೆಯ ಸದ್ದು. "ಮೊದ್ಲು ಬಂದ್ ಮಾಡಿ. ಮತ್ತೆ ಹಚ್ಚಲೇಬೇಡಿ. ಡಿಸ್ಕು ಬಿಚ್ಚಿ ತಕಂಡು ಬನ್ನಿ, ನೋಡ್ವಾ" ಎಂದರು.

ಒಳಗೆ ಬಂದರೆ ಅಣ್ಣ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತಿದ್ದ. ಒತ್ತಿದ, ಆರಿಸಿದ, ಮತ್ತೆ ಒತ್ತಿದ. "ಹೆಸ್ರು ಬಂದ್ ಮೇಲೆ ಇನ್ನೊಂದ್ ಎಳೆತಕ್ಕೆ ಹತ್ತೂದೇ" ಎಂದ. ದೋಣಿಯ ಎಂಜಿನ್ ಹಟ ಹಿಡಿದರೂ ಅವನು ಮಾಡುವುದು ಹೀಗೆಯೇ. ಹತ್ತಿಕೊಳ್ಳುವವರೆಗೂ ಹಗ್ಗ ಎಳೆಯುತ್ತಲೇ ಇರುತ್ತಾನೆ. ಸಮುದ್ರದ ನಡುವೆ ಅವನಿಗೆ ಬೇರೆ ದಾರಿಯೂ ಇಲ್ಲ. ಅಷ್ಟರಲ್ಲಿ ಪೆಟ್ಟಿಗೆಯೊಳಗಿಂದ ಟಕ್ ಎಂದಿತು. ತುಸು ತಡೆದು ಮತ್ತೆ ಟಕ್, ಟಕ್.

"ಬಿಡೋ ಅಣ್ಣ, ಬಿಡು!" ಎಂದು ಕೂಗಿ ನಾನು ಪ್ಲಗ್ಗನ್ನೇ ಕಿತ್ತೆ.

ಹಬ್ಬ ಮುಗಿದ ಮೇಲೆ ಅಣ್ಣ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಕಾರವಾರಕ್ಕೆ ತಂದ. ನಾನೂ ಅಂಗಡಿಗೆ ಹೋದೆ. ಅವರು ಅದಕ್ಕೆ ವಯರು ಕೊಟ್ಟು, ಕಿವಿ ಹತ್ತಿರ ಹಿಡಿದು ಕೇಳಿ, ತಲೆಯಾಡಿಸಿದರು. ಒಳಗೆ ಓದುವ ಮುಳ್ಳು ತಟ್ಟೆಯನ್ನು ಕೆರೆದುಬಿಟ್ಟಿದೆಯಂತೆ, ಇನ್ನು ಎಲ್ಲಿಗೆ ಕಳಿಸಿದರೂ ಇಷ್ಟೇ ಅಂತೆ. "ಮೊನ್ನೆ ಹಚ್ಚಿ ಆರಿಸಿದ್ದಕ್ಕೇ ಹಿಂಗಾಯ್ತಾ?" ಎಂದು ಅಣ್ಣ ಕೇಳಿದ. ಹೇಳಲಿಕ್ಕಾಗುವುದಿಲ್ಲ, ಮೊದಲೇ ಕೆರೆದಿರಲೂಬಹುದು ಎಂದರು. ಅವನ ಮುಖ ನೋಡಿ ಹಾಗಂದರೋ ಏನೋ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನಾನು ಆಯಿಯ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಒಂದು ಅಕ್ಷರವೂ ಮರೆತಿರಲಿಲ್ಲ, ನಗು ಬರುವ ಜಾಗವೂ ಗೊತ್ತಿತ್ತು. ಆದರೆ ಎಷ್ಟು ಸಲ ಹೇಳಿಕೊಂಡರೂ ಕೇಳುತ್ತಿದ್ದುದು ನನ್ನ ದನಿಯೇ. ಹೆದರಿಕೆಯಾಯಿತು, ಅಳುವೂ ಬಂತು.

ಅಣ್ಣ ಟವೆಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸುಗಳನ್ನು ನೋಡುತ್ತಿದ್ದ. "ಅಂದು ನೀ ಮೊಬೈಲ್ ಹಿಡ್ದಾಗ ಬ್ಯಾಡ ಅಂದವ ನಾನು, ಹೌದು" ಎಂದ. "ನಂಗೆ ಇದ್ರದ್ದೆಲ್ಲ ಎಂತ ಗುತ್ತು ತಂಗಿ? ನೀ ಕಲ್ತವ್ಳು. ನನ್ ಮಾತು ಎಂತಕ್ಕೆ ಕೇಳ್ದೆ?"

ಅಂಕೋಲೆಯ ಬಸ್ಸು ಬಂತು. ಅವನು ಉತ್ತರಕ್ಕೆ ಕಾಯದೆ, ಟವೆಲಿನ ಗಂಟನ್ನು ಎದೆಗವಚಿಕೊಂಡು ಹತ್ತಿದ.