ಹಗ್ಗದಲ್ಲಿ ನನ್ನ ಜಾಗ

ಬೈಂದೂರಿನ ಕಡೆ ನಮ್ಮ ಕಡಲ ತೀರದಲ್ಲಿ ಈಗಲೂ ಕೈರಂಪಣಿ ಬಲೆ ಎಳೆಯುತ್ತಾರೆ. ದೋಣಿಯವರು ಬಲೆಯನ್ನು ಅರ್ಧ ಸುತ್ತು ಬಿಟ್ಟು ಬಂದ ಮೇಲೆ, ದಡದವರು ಅದರ ಹಗ್ಗ ಹಿಡಿದು ಎಳೆಯುತ್ತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಸಾಲಿನ ಕೊನೆಗೆ ಬಂದವನು ಕೈಬಿಟ್ಟು, ನೀರಿನಂಚಿಗೆ ಓಡಿ, ಮತ್ತೆ ಹಗ್ಗ ಹಿಡಿಯುತ್ತಾನೆ. ಹಿಡಿದವರಿಗೆಲ್ಲ ಮೀನಿನ ಪಾಲು. ಕುಂದಾಪುರದಲ್ಲಿ ನನಗೆ ಹೊಲಿಗೆ ಅಂಗಡಿಯಿದೆ, ಪಾಲಿಲ್ಲದಿದ್ದರೆ ಉಪವಾಸವೇನೂ ಬೀಳುವುದಿಲ್ಲ. ಆದರೆ ಅದು ಅಪ್ಪ ಹಿಡಿದ ಹಗ್ಗ. ಭಾನುವಾರ ಅಲ್ಲಿ ನಿಲ್ಲದಿದ್ದರೆ ನಾನು ಆ ಊರಿನವನೇ ಅಲ್ಲ ಅನ್ನಿಸುತ್ತದೆ.

ನಲವತ್ತು ದಾಟಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹಗ್ಗದ ಸಾಲಿನಲ್ಲೇ ಎದೆ ಬಿಗಿದು, ಉಸಿರು ಸುಂಯ್ ಎನ್ನತೊಡಗಿತು. ಮರಳಲ್ಲೇ ಕುಕ್ಕರಿಸಿದೆ.

"ಹ್ವಾಯ್, ನೀ ಇನ್ ಎಳೂದ್ ಬ್ಯಾಡ. ಅಲ್ ಕೂಕಂಡ್ ಹಗ್ಗ ಸುತ್ತ್, ಸಾಕ್," ಎಂದರು ಬಲೆಯ ಹಿರಿಯರು.

ಹಗ್ಗ ಸುತ್ತುವುದು ಹಲ್ಲು ಬಿದ್ದ ಮುದುಕರ ಕೆಲಸ. ಮೈಯೆಲ್ಲ ಉರಿದುಹೋಯಿತು.

ಬ್ರಹ್ಮಾವರದ ಡಾಕ್ಟರು, ಇದು ಮೈ ದಣಿದಾಗ ಬರುವ ಅಸ್ತಮಾ ಎಂದರು. ದಣಿಯುವ ಕೆಲಸಕ್ಕೆ ಮೊದಲೇ ಬಾಯಿಗಿಟ್ಟು ಎಳೆದುಕೊಳ್ಳಲು ಔಷಧಿಯ ಪಂಪು ಕೊಟ್ಟು, ಯಾವ ವ್ಯಾಯಾಮ ಹೇಗಾಗುತ್ತದೆ ಗಮನಿಸಿ ಎಂದರು. ಗಮನಿಸಿದೆ. ಜಿಮ್ಮಿನ ಏಸಿಯಲ್ಲಿ ಓಡುವ ಮೆಷಿನ್ ಹತ್ತಿದರೆ ಗಂಟಲಿಗೆ ಒಣ ಬಟ್ಟೆ ತುರುಕಿದ ಹಾಗೆ. ಷಟಲ್ ಅಡ್ಡಿಯಿಲ್ಲ, ಪಾಯಿಂಟಿಗೊಮ್ಮೆ ಜಗಳಕ್ಕೆ ನಿಲ್ಲುತ್ತೇವಲ್ಲ. ಹೊಳೆಯಲ್ಲಿ ಈಜುವಾಗ ನನಗೊಂದು ಎದೆಯಿದೆ ಎಂಬುದೇ ಮರೆತುಹೋಗುತ್ತದೆ. ಯೋಗ ಹಿತವೇ, ನಿದ್ದೆ ಬರುತ್ತದೆ ಅಷ್ಟೆ.

ಮತ್ತೊಂದು ಭಾನುವಾರ ಪಂಪು ಎಳೆದುಕೊಂಡು, ಯಾರನ್ನೂ ಕೇಳದೆ ಹಗ್ಗಕ್ಕೆ ಕೈಹಾಕಿದೆ. ಎಳೆಯುವಷ್ಟು ಹೊತ್ತು ಉಸಿರಿಗೆ ಏನೂ ಆಗಲಿಲ್ಲ. ಕೊನೆ ತಲುಪಿ ನೀರಿನ ಕಡೆ ಓಡಿದೆ ನೋಡಿ, ಅರ್ಧ ದಾರಿಯಲ್ಲೇ ಎದೆ ಹಿಡಿಯಿತು. ಓ, ಕೆಡಿಸುವುದು ಹಗ್ಗವಲ್ಲ, ಈ ಓಟ! ಹಿರಿಯರಿಗೆ ಅದನ್ನೇ ಹೇಳಿದೆ.

"ಓಡು ಅಂದೇಳಿ ನಿಂಗ್ ಹೇಳದ್ ಯಾರ್ ಮಾರಾಯ? ನೀ ಓಡ್ದೆ ಇಪ್ಪವ ಅಲ್ಲ ಅಂದೇಳಿಯೇ ಹಗ್ಗ ಸುತ್ತುಕೆ ಕೂರ್ಸದ್. ನಿನ್ ಅಪ್ಪ ಒಂದಿನಾನೂ ಓಡ್ಲಿಲ್ಲ. ಅವ್ನ್ ಎದಿಯೂ ಹಿಂಗೇ ಸುಂಯ್ ಅಂತಿತ್ತ್."

ಅಪ್ಪ ನಿಧಾನಕ್ಕೆ ನಡೆದು ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅದು ಅವನ ಗತ್ತು ಎಂದುಕೊಂಡಿದ್ದೆ, ಹುಡುಗರ ಹತ್ತಿರ ಜಂಬವನ್ನೂ ಕೊಚ್ಚಿಕೊಂಡಿದ್ದೆ. ಅವನಿಗೆ ಪಂಪು ಕೊಟ್ಟವರು ಯಾರೂ ಇರಲಿಲ್ಲ. ತುಂಬ ಸಂಕಟವಾಯಿತು.

ಸ್ವಲ್ಪ ಹೊತ್ತು ಕೂತು, ಉಸಿರು ಹದಕ್ಕೆ ಬಂದ ಮೇಲೆ ನೀರಿನ ಕಡೆ ನಡೆದೆ. ಸಾಲಿನ ಕೊನೆ ಮುಟ್ಟಿದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಓಡಿದರು. ನಾನು ತಲುಪಿದಾಗ ಹಗ್ಗದಲ್ಲಿ ಒಬ್ಬನಿಗಾಗುವಷ್ಟು ಜಾಗ ಬಿಟ್ಟಿದ್ದರು.