ಎರಡು ವಾರ್ಡುಗಳ ನಡುವೆ ಅಕ್ಕ

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ಪಿನಲ್ಲಿ ಅಜ್ಜಿ ಹುಣಸೆಹುಳಿ ನೆನೆಹಾಕುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಮಣ್ಣಗುಡ್ಡದ ನಮ್ಮ ಮನೆಯಲ್ಲಿ, ನನ್ನ ವಾಕ್ಚಾತುರ್ಯಕ್ಕೆ ಇದ್ದ ಬೆಲೆ ಅಷ್ಟೇ.

ಅಕ್ಕನನ್ನು ಕೊಟ್ಟದ್ದು ಕುದ್ರೋಳಿಗೆ. ನಡೆದರೆ ಕಾಲು ಗಂಟೆಯ ದಾರಿ. ಏಳನೇ ತಿಂಗಳಲ್ಲಿ ಬಯಕೆಯ ಶಾಸ್ತ್ರ ಮುಗಿಸಿ ಚೊಚ್ಚಲ ಹೆರಿಗೆಗೆಂದು ಅವಳನ್ನು ನಮ್ಮಲ್ಲಿಗೆ ಕರೆತಂದೆವು. ಹಾಗೆ ಬಂದವಳು ಮಗುವನ್ನು ಎತ್ತಿಕೊಂಡಲ್ಲದೆ ಗಂಡನ ಮನೆಯ ಹೊಸಿಲು ತುಳಿಯಬಾರದು. ಯಾಕೆಂದು ಕೇಳಿದರೆ ಅಜ್ಜಿ "ಕೇಳಬಾರದು" ಎನ್ನುತ್ತಿದ್ದರು. ಅದೇ ಕಾರಣ.

ಮರುವಾರ ಅವಳನ್ನು ನಮ್ಮ ವಾರ್ಡಿನ ಹೆರಿಗೆ ಕೇಂದ್ರಕ್ಕೆ ಕರೆದೊಯ್ದೆ. ಅಲ್ಲಿನ ನರ್ಸ್ ಕೊಂಕಣಿ ಕ್ರೈಸ್ತರು. ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಅವರು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಿರಬೇಕಾದಲ್ಲಿ ಒಗೆದು ಒಗೆದು ಬಿಳಿಚಿದ ಬಟ್ಟೆಯ ಬಣ್ಣ.

"ರಕ್ತವೇ ಇಲ್ಲ ಮಗಾ ಇವಳಿಗೆ. ಹೆರುವಾಗ ಸ್ವಲ್ಪ ಹೆಚ್ಚು ಹೋದ್ರೂ ನಮ್ಮ ಕೈಯಲ್ಲಿ ಎಂತ ಉಳಿಯುದಿಲ್ಲ. ಕಬ್ಬಿಣದ ಮಾತ್ರೆ ದಿನಾ ತಿನ್ಬೇಕು. ಕಾರ್ಡ್ ಎಲ್ಲಿದು?"

"ಕುದ್ರೋಳಿದು. ಗಂಡನ ಮನೆಯ ವಾರ್ಡಿನಲ್ಲಿ ಮಾಡ್ಸಿದ್ದು."

"ಹಾಗಾದ್ರೆ ಮಾತ್ರೆ ಅಲ್ಲಿಯೇ ಕೊಡುದು."

ನಾನು ಸೆರಗು ಬಿಗಿದೆ. "ಬಾಯಮ್ಮ, ಚೊಚ್ಚಲಿಗೆ ಈ ಊರಲ್ಲಿ ಯಾರು ಗಂಡನ ಮನೆಯಲ್ಲಿ ಇರ್ತಾರೆ? ನಮ್ಮವರೂ ಇಲ್ಲ, ನಿಮ್ಮವರೂ ಇಲ್ಲ. ಅಂದ್ರೆ ಮಾತ್ರೆ ಬೇಕಾಗುವ ಹೊತ್ತಿಗೆ ಎಲ್ಲ ಬಸುರಿಯರೂ ತಪ್ಪು ವಾರ್ಡಿನಲ್ಲಿ!"

"ಸತ್ಯ."

"ಅಂದ್ರೆ ನಿಯಮವೇ ತಪ್ಪು."

"ಅದೂ ಸತ್ಯ."

"ಮತ್ತೆ ಕೊಡಿ."

"ಈ ಬೀರುವಿನಲ್ಲಿ ಇರುದು ನನ್ನ ಕಾರ್ಡಿನವರಿಗೇ ಸಾಕಾಗುದಿಲ್ಲ. ನಿನಗೆ ಕೊಟ್ರೆ ಅಲ್ಲಿ ಕೂತವಳಿಗೆ ಎಂತ ಕೊಡ್ಲಿ?"

ಬೆಂಚಿನ ಮೇಲೆ ನನಗಿಂತ ಚಿಕ್ಕವಳೊಬ್ಬಳು ಹೊಟ್ಟೆ ಹಿಡಿದು ಕೂತಿದ್ದಳು. ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡರೆ ಮುಂದೇನು ಎಂಬುದನ್ನು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

"ಕಾರ್ಡನ್ನು ಇಲ್ಲಿಗೆ ವರ್ಗ ಮಾಡ್ಲಿಕ್ಕೆ ಆಗುದಿಲ್ವಾ?"

"ಆಗ್ತದೆ. ಅರ್ಜಿ ಹಾಕು. ಆದೇಶ ಬರುವಾಗ ಮಗುವೇ ನಡ್ಕೊಂಡು ಬಂದು ತಕ್ಕೊಂಡು ಹೋಗ್ಲಿ."

ಅರ್ಜಿ ಹಾಕಿದೆ. ಕಾರ್ಡು ಹಿಡಿದು ಒಬ್ಬಳೇ ಕುದ್ರೋಳಿಗೂ ಹೋದೆ. ಅಲ್ಲಿನ ಕಂಪೌಂಡರ್ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ.

"ಬಸುರಿ ಎಲ್ಲಿ?"

"ಮಣ್ಣಗುಡ್ಡದಲ್ಲಿ."

"ಮಾತ್ರೆ ತಿನ್ನುದು ಅವಳಲ್ವಾ? ಅವಳೇ ಬರ್ಬೇಕು. ಕಳೆದ ಸಲ ಒಬ್ಬರು ಸೊಸೆಯ ಹೆಸರಲ್ಲಿ ತಕ್ಕೊಂಡು ಹೋಗಿ ಮಲ್ಲಿಗೆ ಗಿಡದ ಬುಡಕ್ಕೆ ಹಾಕಿದ್ರು. ಗಿಡ ಈಗ ಒಳ್ಳೆ ಉಂಟು."

ಮದ್ದಿನಂಗಡಿಯಲ್ಲಿ ಸಿಗುತ್ತಿದ್ದ ಟಾನಿಕ್ಕು ಹಂಚಿನ ಕಾರ್ಖಾನೆಯ ಗುಮಾಸ್ತರಾಗಿದ್ದ ಅಪ್ಪನ ಕೈಗೆ ಎಟುಕುವಂಥದ್ದಲ್ಲ. ಕುದ್ರೋಳಿಯ ಕೇಂದ್ರವೋ ಅಕ್ಕನ ಅತ್ತೆಯ ಮನೆಯಿಂದ ನಾಲ್ಕನೇ ಕಟ್ಟಡ. ಅಲ್ಲಿಯವರೆಗೆ ಹೋದ ಸೊಸೆ ಮನೆಗೆ ಕಾಲಿಡದೆ ತಿರುಗಿದರೆ ಅತ್ತೆಗೆ ಅವಮಾನ. ಕಾಲಿಟ್ಟರೆ ಅಜ್ಜಿಯ ಪದ್ಧತಿಗೆ ಭಂಗ. ಮುನಿಸಿಪಾಲಿಟಿಯ ನಿಯಮ, ಅಜ್ಜಿಯ ನಿಯಮ, ಎರಡರಲ್ಲಿ ಒಂದನ್ನು ಬೀಳಿಸಲೇಬೇಕು. ಬರಹದಲ್ಲಿಲ್ಲದ್ದು ದುರ್ಬಲ ಎಂದು ತರ್ಕಿಸಿ ಅಜ್ಜಿಯನ್ನು ಆರಿಸಿಕೊಂಡೆ. ನಾನು ಜೀವನದಲ್ಲಿ ಮಾಡಿದ ದೊಡ್ಡ ತಪ್ಪುಗಳಲ್ಲಿ ಅದೂ ಒಂದು.

ಮಧ್ಯಾಹ್ನ ಊಟವಾದ ಮೇಲೆ ಚೀಟಿಗಳಲ್ಲಿ ಅಂಶಗಳನ್ನು ಬರೆದುಕೊಂಡು ಎದುರು ನಿಂತೆ. ವಾದ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಇಳಿದಿದೆ.

"ಅಜ್ಜಿ, ಹೊಸಿಲು ಬರೀ ಮರ. ತುಳಿದವಳು ಬಸುರಿಯಾ ಅಲ್ವಾ ಅಂತ ಮರಕ್ಕೆ ಗೊತ್ತುಂಟಾ?"

"ಮರಕ್ಕೆ ಎಂತ ಗೊತ್ತುಂಟೂಂತ ನಿನಗೆ ಹೇಗೆ ಗೊತ್ತು? ನಿಂತು ಯಾಕೆ ಮಾತಾಡ್ತೀ, ಇಲ್ಲಿ ಸಭೆ ಉಂಟಾ? ಕೂತ್ಕೊ ಮಾರಾಯ್ತಿ. ನಾನು ಹನ್ನೊಂದು ಹೆತ್ತವಳು. ಒಂದು ಮಾತ್ರೆ ಮುಟ್ಟಿದ್ದಿಲ್ಲ."

"ಹನ್ನೊಂದರಲ್ಲಿ ಉಳಿದದ್ದೆಷ್ಟು?"

ಸ್ಪರ್ಧೆಯಲ್ಲಾದರೆ ಚಪ್ಪಾಳೆ ಬೀಳುವ ಜಾಗ. ಅಜ್ಜಿ "ನಾಲ್ಕು" ಎಂದು ಎದ್ದು, ಇನ್ನೂ ಒಣಗದ ಬಟ್ಟೆಗಳನ್ನು ತೆಗೆಯಲು ಅಂಗಳಕ್ಕೆ ಹೋದರು. ಉಳಿದ ಚೀಟಿಗಳನ್ನು ನಾನು ಒಲೆಗೆ ಹಾಕಿದೆ.

ಮರುದಿನ ನಾನೇಳುವ ಮೊದಲೇ ಅವರು ಕುದ್ರೋಳಿಗೆ ಹೋಗಿ ಬಂದಿದ್ದರು.

"ಜಟಕಾ ಕರಿ. ಅಕ್ಕನನ್ನು ಮಾತ್ರೆಗೆ ಕರ್ಕೊಂಡು ಹೋಗುವ."

"ಹೊಸಿಲು?"

"ಕಂಪೌಂಡರನ ಹೊಸಿಲು ಅವಳ ಅತ್ತೆಯದ್ದಾ? ಮನೆಗೆ ಹೋಗ್ಬಾರ್ದು ಅಂತ ಹೇಳಿದ್ದು ನಾನು. ಬೀದಿಗೆ ಹೋಗ್ಬಾರ್ದು ಅಂತ ಹೇಳಿದ್ದು ನೀನು."

ಹಿಂದಿನ ಮಧ್ಯಾಹ್ನ ನಾನು ವಿಷಯವನ್ನೇ ಸರಿಯಾಗಿ ಕೇಳಿಸಿಕೊಳ್ಳದೆ ವಾದಿಸಿದ್ದೆ.

ಅತ್ತೆಯ ಅವಮಾನಕ್ಕೂ ಅಜ್ಜಿ ದಾರಿ ಹುಡುಕಿದ್ದರು: ಸೊಸೆ ಮನೆಗೆ ಹೋಗುವಂತಿಲ್ಲ, ಮನೆ ಸೊಸೆಯ ಬಳಿಗೆ ಬರಬಹುದಲ್ಲ? ಕೇಂದ್ರದ ಜಗಲಿಯಲ್ಲಿ ಅತ್ತೆ ಚಾಪೆ ಹಾಸಿ, ನೀರುದೋಸೆಯ ಪಾತ್ರೆ, ಬಂಗುಡೆ ಸಾರು, ಚಾದ ಕೆಟ್ಲು ಸಮೇತ ಕೂತಿದ್ದರು. "ಹೀಗೇ ಸುಮ್ನೆ ಬಂದೆ" ಎಂದು ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಾವ ಬಸುರಿಯರ ಸಾಲಿನಲ್ಲಿ ನಿಂತಿದ್ದರು.

"ಇದು ಆಸ್ಪತ್ರೆ, ಛತ್ರ ಅಲ್ಲ!" ಕಂಪೌಂಡರ್ ಕೂಗಿದರು.

"ಬಸುರಿಯೇ ಬರ್ಬೇಕೂಂತ ಹೇಳಿದ್ದು ನೀವಲ್ವಾ?" ಎಂದರು ಅತ್ತೆ. "ನಮ್ಮ ಬಸುರಿ ಬಂದ್ರೆ ಹೀಗೆಯೇ. ಎರಡು ದೋಸೆ ಹಾಕ್ಲಾ?"

ಕಂಪೌಂಡರ್ ಮೂರು ತಿಂದರು. ಅಜ್ಜಿ ಮೊದಲ ಮಾತ್ರೆಯನ್ನು ಅವರೆದುರೇ ಅಕ್ಕನಿಗೆ ನುಂಗಿಸಿ, "ನಮ್ಮಲ್ಲಿ ಮಲ್ಲಿಗೆ ಗಿಡ ಇಲ್ಲ" ಎಂದರು.

ಮುಂದೆ ಪ್ರತಿ ವಾರವೂ ಹೀಗೇ ನಡೆಯಿತು. ಒಂಬತ್ತನೇ ತಿಂಗಳಲ್ಲಿ ಬಾಯಮ್ಮ ರೆಪ್ಪೆ ಎಳೆದು, "ಈಗ ಸ್ವಲ್ಪ ಮನುಷ್ಯರ ಬಣ್ಣ ಉಂಟು" ಎಂದರು. ಹೆರಿಗೆ ಅವರ ಕೈಯಲ್ಲೇ ಆಯಿತು. ಹೊರಬಂದವರ ತೋಳು ಮೊಣಕೈವರೆಗೆ ಕೆಂಪು.

"ಹೆಣ್ಣು. ರಕ್ತ ತುಂಬ ಹೋಯ್ತು," ಎಂದರು. "ಹೋಗುವಷ್ಟು ಇತ್ತು, ಪುಣ್ಯಕ್ಕೆ."

ನನ್ನ ಅರ್ಜಿಗೆ ಉತ್ತರ ಬಂದಾಗ ಆ ಹೆಣ್ಣು ಓಡಾಡುತ್ತಿತ್ತು. ಕಾರ್ಡು ಮಣ್ಣಗುಡ್ಡಕ್ಕೆ ವರ್ಗವಾಗಿದೆ, ಬಸುರಿ ಖುದ್ದಾಗಿ ಹಾಜರಾಗತಕ್ಕದ್ದು. ಅಕ್ಕ ಮಗಳೊಂದಿಗೆ ನಮ್ಮಲ್ಲಿಗೆ ಬಂದಿದ್ದ ದಿನ, ಮಗುವಿನ ಕೈ ಹಿಡಿದು ನಡೆಸಿಕೊಂಡೇ ಹೋಗಿ ಕಾಗದವನ್ನು ಬಾಯಮ್ಮನ ಮೇಜಿನ ಮೇಲಿಟ್ಟೆ. ತಮಾಷೆಗೆ. ಅವರು ನಗಲಿಲ್ಲ, ಎರಡು ಸಲ ಓದಿದರು.

"ಒಬ್ಬಳದ್ದು ವರ್ಗ ಆದ್ರೆ ಎಲ್ಲರದ್ದೂ ಆಗ್ಬೇಕಲ್ವಾ? ನೀನು ವಾದ ಮಾಡುವವಳು, ಹೇಳು."

"ಆಗ್ಲೇಬೇಕು," ಎಂದೆ.

ಬಾಯಮ್ಮ ಆ ಕಾಗದವನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ಬೆಂಚಿನ ಮೇಲೆ ಕೂತಿದ್ದ ಹೊಸ ಬಸುರಿಯನ್ನು ಕರೆದರು. "ನಿನ್ನದು ಎಲ್ಲಿಯ ಕಾರ್ಡ್? ಎಲ್ಲಿಯದ್ದಾದ್ರೂ ಅಡ್ಡಿ ಇಲ್ಲ, ಬಾ. ಮಾತ್ರೆ ಕಡಿಮೆ ಬಿದ್ರೆ ವಾದ ಮಾಡ್ಲಿಕ್ಕೆ ಆಫೀಸಿಗೆ ಇವಳನ್ನು ಕಳಿಸ್ತೇನೆ."