ತಂಬೂರಿ ತೇಲಿದ ಪಡಸಾಲೆ

ತಂಬೂರಿ ನೀರಿನಲ್ಲಿ ತೇಲುತ್ತದೆ ಎಂದು ನನಗೆ ಗೊತ್ತಾಗಿದ್ದು ನಮ್ಮ ಮನೆಯ ಪಡಸಾಲೆಯಲ್ಲೇ.

ಅರವತ್ತರ ದಶಕದ ಧಾರವಾಡ. ನಾನಾಗ ಹೈಸ್ಕೂಲು, ಅಪ್ಪ ಮುನ್ಸಿಪಾಲ್ಟಿಯಲ್ಲಿ ರೋಡು ನೋಡಿಕೊಳ್ಳುವ ಓವರ್‌ಸಿಯರ್. ಮಳೆಗಾಲಕ್ಕೆ ಮೊದಲು ಓಣಿಯಲ್ಲಿ ಸರ್ವೆ ಮಾಡಿ, ನೀರು ನುಗ್ಗುವ ಮನೆಗಳ ಗೋಡೆಗೆ ಕಾವಿಯಿಂದ ಗೆರೆ ಎಳೆಯುವ ಕೆಲಸ ಅವರ ಪಾಲಿಗೆ ಬಂತು.

ಅಪ್ಪನ ಲೆಕ್ಕ ಸರಳ. ಓಣಿಯ ಕೆಳತುದಿಯ ನಾಲಾದ ಹತ್ತಿರ ಇದ್ದವರಿಗೆ ಗೆರೆ, ದೂರ ಇದ್ದವರಿಗೆ ಇಲ್ಲ. ನಾವು ದೂರ... ಹಾಗಾಗಿ ಆ ವಾರವೆಲ್ಲ ಅಪ್ಪನನ್ನು ಹಿಡಿಯುವವರೇ ಇರಲಿಲ್ಲ.

ನನಗೆ ಹಾಡು ಕಲಿಸುತ್ತಿದ್ದ ವಾಮನ ಕಾಕಾನ ಮನೆ ನಾಲಾದ ದಂಡೆಯಲ್ಲೇ. ಗೆರೆ ನೋಡಿ ಅವರ ಮುಖ ಸಣ್ಣದಾಯಿತು. ಮನೆ ಹೋದರೆ ಹೋಗಲಿ, ಗುರುಗಳು ಕೊಟ್ಟ ಮಿರಜಿನ ತಂಬೂರಿ ಹೋದರೆ ತಾವು ಮತ್ತೆ ಬಾಯಿ ತೆರೆಯುವುದಿಲ್ಲ ಅಂದುಬಿಟ್ಟರು.

ಅಪ್ಪನಿಗೆ ಅಷ್ಟೇ ಸಾಕಾಗಿತ್ತು.

"ನಮ್ಮ ಮನ್ಯಾಗ ತಂದಿಡ್ರಿ ವಾಮನರಾವ್. ಇಲ್ಲೆ ನೀರು ಬರ್ಲಿಕ್ಕೆ ನನ್ನ ಪರ್ಮಿಷನ್ ಬೇಕು."

ತಂಬೂರಿ ಬಂತು. ಅದರ ಹಿಂದೆಯೇ ಗೆರೆ ಬಿದ್ದ ಮನೆಗಳ ಹಾಸಿಗೆ, ಹಪ್ಪಳದ ಡಬ್ಬಿ, ಜೋಳದ ಚೀಲ ಎಲ್ಲ ಬಂದವು. ನಮಗೆ ಕಾಲು ಚಾಚಲೂ ಜಾಗ ಇಲ್ಲ.

ಅಡುಗೆಮನೆಯಿಂದ ಅವ್ವ ತಣ್ಣಗೆ ಕೇಳಿದಳು.

"ಅಲ್ರೀ, ಮೊದ್ಲ ನಾವು ಮನಿಯೊಳಗ ಹತ್ತಿ ಬರ್ತಿದ್ವಿ. ಈಗ ಇಳದು ಬರ್ತೀವಲ್ಲಾ?"

ಖರೇನೇ ಇತ್ತು. ಪ್ರತಿ ವರ್ಷ ರೋಡಿಗೆ ಗರಸು ಮಣ್ಣು ಹಾಕಿಸುವಾಗ ಅಪ್ಪ ನಮ್ಮ ಮನೆ ಮುಂದೆ ಒಂದು ಗಾಡಿ ಜಾಸ್ತಿಯೇ ಸುರಿಸುತ್ತಿದ್ದರು. ಓವರ್‌ಸಿಯರ್ ಸಾಹೇಬರ ಮನೆ ಮುಂದೆ ಕೆಸರಿದ್ದರೆ ಹೇಗೆ? ರೋಡು ಏರುತ್ತಾ ಏರುತ್ತಾ ನಮ್ಮ ಮೆಟ್ಟಿಲುಗಳನ್ನೆಲ್ಲ ನುಂಗಿ ಕುಳಿತಿತ್ತು.

ರೋಡು ಎಷ್ಟು ಛಲೋ ಆಗಿದೆ ನೋಡು ಎಂದು ಅಪ್ಪ ಚಹಾ ಮುಗಿಸಿದರು.

ಆಮೇಲೊಂದು ಮಧ್ಯಾಹ್ನ ಮಳೆ ಹೊಡೆಯಿತು ನೋಡಿ...

ನಾಲಾ ತುಂಬಲೇ ಇಲ್ಲ. ದಿಬ್ಬದ ಕಡೆಯಿಂದ ಬಂದ ನೀರು ಅಪ್ಪನ ರೋಡಿನ ಮೇಲೆ ಹರಿದು, ನಾಲಾ ಸಿಗುವ ಮೊದಲೇ ನಮ್ಮ ಹೊಸ್ತಿಲು ಕಂಡು ಸೀದಾ ಒಳಗೆ ಇಳಿಯಿತು.

ಅಪ್ಪ ಧೋತರ ಎತ್ತಿ ಕಟ್ಟಿ ಬಾಗಿಲಿಗೆ ಗೋಣಿಚೀಲ ತುರುಕುತ್ತಿದ್ದಾರೆ. ಅವ್ವ ಮಂಚ ಏರಿ ಊರವರ ಹಪ್ಪಳದ ಡಬ್ಬಿಗಳನ್ನು ತಬ್ಬಿಕೊಂಡಿದ್ದಾಳೆ. ತಂಬೂರಿ ಮೂಲೆ ಬಿಟ್ಟು ಮೆಲ್ಲಗೆ ದೇವರಮನೆ ಕಡೆಗೆ ಹೊರಟಿದೆ...

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ವಾಮನ ಕಾಕಾ ಓಡಿ ಬಂದರು. ನೀರಿಗಿಳಿದು ತಂಬೂರಿ ಎತ್ತಿ, ಬುರುಡೆಯನ್ನು ತಮ್ಮ ಅಂಗಿಯಿಂದಲೇ ಒರೆಸಿ, ನಿಂತಲ್ಲೇ ತಂತಿ ಮೀಟಿದರು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು.

ನುಡಿಯಿತು. ಶ್ರುತಿ ಸ್ವಲ್ಪ ಇಳಿದಿತ್ತು, ಅಷ್ಟೇ. ಕಾಕಾನ ಕಣ್ಣಲ್ಲಿ ನೀರು.

ಆಮೇಲೆ ಅಪ್ಪನ ಕಡೆ ತಿರುಗಿ ಭಾಳ ಮರ್ಯಾದೆಯಿಂದ ಹೇಳಿದರು.

"ಸಾಹೇಬ್ರ, ನೀವೂ ಸಾಮಾನು ಕಟ್ಕೊಂಡು ನಮ್ಮ ಮನಿಗೆ ಬರ್ರಿ. ಗೆರಿ ಎಳದ ಮನಿ, ಒಳಗ ಒಂದು ಹನಿ ನೀರಿಲ್ಲ."

ಹೋದೆವು. ಮಂಚದ ಸಮೇತ.

ಮರುದಿನ ಅಪ್ಪ ಕಾವಿ ಡಬ್ಬಿ ಹುಡುಕಿ, ನಮ್ಮ ಗೋಡೆಗೂ ಒಂದು ಗೆರೆ ಎಳೆದರು. ಉಳಿದವರದಕ್ಕಿಂತ ದಪ್ಪಗೆ. ಅಪ್ಪನ ಮೇಲೆ ನನಗೆ ಅವತ್ತು ಬಂದಷ್ಟು ಪ್ರೀತಿ ಮತ್ಯಾವತ್ತೂ ಬಂದಿಲ್ಲ.

ಈಗಲೂ ಯಾರಾದರೂ ನಮ್ಮ ಏರಿಯಾಕ್ಕೆ ಮಳೆನೀರು ನುಗ್ಗುವುದಿಲ್ಲ ಅಂದರೆ ನಾನು ಅವ್ವನ ಪ್ರಶ್ನೆಯನ್ನೇ ಕೇಳುತ್ತೇನೆ... ನೀವು ನಿಮ್ಮ ಮನೆಯೊಳಗೆ ಹತ್ತಿ ಹೋಗುತ್ತೀರೋ, ಇಳಿದು ಹೋಗುತ್ತೀರೋ?